ಕೂಡ್ರಲು ಬಿಡದ ನೋವು: ಪುಡೆಂಡಲ್ ನರದ ಬೇನೆ ಮತ್ತು ಅದರ ಚಿಕಿತ್ಸೆ

(ಗದಗಿನಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಉಪನ್ಯಾಸಕಿ ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದಾರೆ.)

ಸಭೆಯಲ್ಲಿರುವ ಹಿರಿಯರೆ, ತಾಯಂದಿರೆ, ಗೆಳೆಯರೆ, ನಾನು ಇವತ್ತು ಮಾತನಾಡಲಿರುವುದು ಗುದದ್ವಾರದಿಂದ ಜನನಾಂಗದವರೆಗಿನ ಜಾಗದಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವ ಒಂದು ನರನೋವನ್ನು ಕುರಿತು. ದೇಹದ ಈ ಭಾಗಗಳ ಹೆಸರನ್ನು ಮಾತಿನುದ್ದಕ್ಕೂ ನೇರವಾಗಿಯೇ ಹೇಳುತ್ತೇನೆ. ಮುಜುಗರವಾದವರು ದಯವಿಟ್ಟು ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕು, ಏಕೆಂದರೆ ಈ ಕಾಯಿಲೆಯನ್ನು ಗುರುತಿಸಲು ವೈದ್ಯರಿಗೆ ಸಿಗುವ ಮುಖ್ಯ ಆಧಾರ ರೋಗಿ ಬಾಯಿಬಿಟ್ಟು ಹೇಳಿದ ವಿವರವೇ ಆಗಿದೆ. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ, ಎಂಆರ್‌ಐ ವರದಿಯಲ್ಲಿಯೂ ಬಹಳ ಸಲ ಎಲ್ಲವೂ ಸರಿಯಾಗಿದೆ ಎಂದೇ ಬರೆದಿರುತ್ತದೆ. ಹೀಗಾಗಿ ಹೇಳಿಕೊಳ್ಳಲು ನಾಚಿದ ರೋಗಿಗೂ ಕೇಳಲು ಪುರುಸೊತ್ತಿಲ್ಲದ ವೈದ್ಯರಿಗೂ ಈ ನೋವು ಒಂದೇ ರೀತಿ ತಪ್ಪಿಸಿಕೊಂಡು ಹೋಗುತ್ತದೆ.

ಮೊದಲು ನರದ ವಿಷಯ. ಸೊಂಟದ ಕೆಳಗೆ ಬೆನ್ನೆಲುಬು ಮುಗಿಯುವ ಕಡೆ ತ್ರಿಕಾಸ್ಥಿ ಎಂಬ ಎಲುಬಿದೆ. ಅಲ್ಲಿಂದ ಹೊರಡುವ ಎರಡು, ಮೂರು ಮತ್ತು ನಾಲ್ಕನೆಯ ನರಬೇರುಗಳು ಕೂಡಿ ಎಡಕ್ಕೊಂದು, ಬಲಕ್ಕೊಂದು ಪುಡೆಂಡಲ್ ನರವಾಗುತ್ತವೆ. ಈ ನರ ಸೊಂಟದ ಗೂಡಿನಿಂದ ಒಮ್ಮೆ ಹೊರಗೆ ಬಂದು, ಇಷಿಯಲ್ ಸ್ಪೈನ್ ಎಂಬ ಎಲುಬಿನ ಮೊನೆಯನ್ನು ಬಳಸಿ, ಎಲುಬುಗಳನ್ನು ಹಿಡಿದಿಡುವ ಎರಡು ಗಟ್ಟಿ ಅಸ್ಥಿಬಂಧಗಳ ನಡುವೆ ನುಸುಳಿ ಮತ್ತೆ ಒಳಗೆ ಹೋಗುತ್ತದೆ. ಅನಂತರ ಒಂದು ಸ್ನಾಯುವಿನ ಹೊದಿಕೆಯೊಳಗೆ, ಪೈಜಾಮದ ಮಡಿಕೆಯಲ್ಲಿ ಲಾಡಿ ಹಾಯ್ದಂತೆ, ಮುಂದಕ್ಕೆ ಸಾಗುತ್ತದೆ. ಐರ್ಲೆಂಡಿನ ಅಂಗರಚನಾ ತಜ್ಞ ಬೆಂಜಮಿನ್ ಆಲ್ಕಾಕ್ 1836ರಲ್ಲಿ ಇದನ್ನು ವಿವರಿಸಿದ್ದರಿಂದ ಆ ದಾರಿಗೆ ಆಲ್ಕಾಕ್ ಕಾಲುವೆ ಎಂದೇ ಹೆಸರು ಬಂದಿದೆ. ಅಲ್ಲಿಂದ ಒಂದು ಕವಲು ಗುದದ್ವಾರಕ್ಕೆ, ಇನ್ನೊಂದು ಗುದದ್ವಾರ ಹಾಗೂ ಜನನಾಂಗದ ನಡುವಿನ ಜಾಗಕ್ಕೆ, ಮತ್ತೊಂದು ಗಂಡಸರಲ್ಲಿ ಶಿಶ್ನಕ್ಕೆ, ಹೆಂಗಸರಲ್ಲಿ ಚಂದ್ರನಾಡಿಗೆ (ಕ್ಲಿಟೋರಿಸ್) ಹೋಗುತ್ತದೆ. ಆ ಜಾಗದ ಸ್ಪರ್ಶಜ್ಞಾನವೂ, ಮಲಮೂತ್ರಗಳನ್ನು ಬೇಕೆಂದಾಗ ತಡೆಹಿಡಿಯುವ ಸ್ನಾಯುಗಳ ಹತೋಟಿಯೂ ಇದೇ ನರದ ಕೆಲಸ. ಅಸ್ಥಿಬಂಧಗಳ ನಡುವಿನ ಇಕ್ಕಟ್ಟಿನಲ್ಲಾಗಲಿ ಕಾಲುವೆಯೊಳಗಾಗಲಿ ನರ ಒತ್ತಿಕೊಂಡರೆ, ಎಳೆದುಕೊಂಡರೆ ಅಥವಾ ಸುತ್ತಲಿನ ಸ್ನಾಯುಗಳು ಸದಾ ಬಿಗಿದುಕೊಂಡೇ ಇದ್ದರೆ ನೋವು ಹುಟ್ಟುತ್ತದೆ.

ಒತ್ತಡಕ್ಕೆ ಕಾರಣಗಳು ಹಲವು. ಕಷ್ಟದ ಹೆರಿಗೆ, ಅದರಲ್ಲೂ ಇಕ್ಕಳ ಹಾಕಿ ತೆಗೆದ ಹೆರಿಗೆ ಒಂದು. ಸೊಂಟದ ಗೂಡಿನೊಳಗೆ ಆದ ಶಸ್ತ್ರಚಿಕಿತ್ಸೆ, ಜಾರಿ ಕುಂಡೆಯ ಮೇಲೆ ಬಿದ್ದ ಪೆಟ್ಟು, ವರ್ಷಗಟ್ಟಲೆಯ ಮಲಬದ್ಧತೆಯಲ್ಲಿ ತಿಣುಕುವ ಅಭ್ಯಾಸ, ಸೈಕಲ್ಲಿನ ಗಟ್ಟಿ ಸೀಟು ಇವೆಲ್ಲ ಆ ಪಟ್ಟಿಯಲ್ಲಿವೆ. ಫ್ರಾನ್ಸಿನಲ್ಲಿ 1987ರಲ್ಲಿ ವೈದ್ಯ ಜೆರಾರ್ ಅಮರೆಂಕೋ ಈ ನರದ ತೊಂದರೆಯನ್ನು ವರದಿ ಮಾಡಿದ್ದು ಸೈಕಲ್ ಸವಾರರಲ್ಲಿಯೇ. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂಡ್ರುವುದು. ಕಾರಣವೇ ಸಿಗದವರೂ ಇದ್ದಾರೆ.

ನೋವಿನ ಸ್ವಭಾವವನ್ನು ರೋಗಿಗಳ ಮಾತಿನಲ್ಲಿಯೇ ಕೇಳುವುದು ಒಳ್ಳೆಯದು. "ಕುಂತಲ್ಲೆ ಕೆಂಡ ಇಟ್ಟಂಗ ಆಕ್ಕೈತ್ರಿ ಮೇಡಂ" ಎನ್ನುವವರಿದ್ದಾರೆ. "ಒಳಗ ಏನೋ ಸಿಕ್ಕೊಂಡಂಗ, ತಗದ್ರ ಸಾಕು ಅನಸ್ತೈತ್ರಿ" ಎನ್ನುವವರೂ ಇದ್ದಾರೆ. ಗುದದ್ವಾರದಲ್ಲಿ ಅಥವಾ ಯೋನಿಯಲ್ಲಿ ಏನೋ ವಸ್ತು ಇದ್ದಂತಾಗುವ ಈ ಅನುಭವವನ್ನು ಹೇಳಿದರೆ ಮನೆಯವರು ನಕ್ಕುಬಿಡುತ್ತಾರೆ, ಆದರೆ ಅದು ಈ ರೋಗದ ಬಹಳ ಪರಿಚಿತ ಲಕ್ಷಣ. ಉರಿ, ಚುಚ್ಚು, ಕರೆಂಟ್ ಹೊಡೆದಂತಹ ಸೆಳಕು, ಒಳಉಡುಪು ತಾಗಿದರೂ ಸಹಿಸಲಾಗದ ಸೂಕ್ಷ್ಮತೆ, ಮಲವಿಸರ್ಜನೆಯಾದ ಕೆಲವು ಹೊತ್ತಿನ ನಂತರ ಏಳುವ ನೋವು, ಪದೇ ಪದೇ ಮೂತ್ರಕ್ಕೆ ಅವಸರ, ಸಂಭೋಗದ ಸಮಯದಲ್ಲಿ ಅಥವಾ ಅದರ ನಂತರದ ಯಾತನೆ, ಹೀಗೆ ಒಬ್ಬೊಬ್ಬರಲ್ಲಿ ಒಂದೊಂದು ಮುಂದಾಗಿರುತ್ತದೆ. ಬಹಳ ಜನರಲ್ಲಿ ಒಂದೇ ಬದಿಗೆ ಹೆಚ್ಚು. ಕುಳಿತರೆ ಏರುವ ಈ ನೋವು ಕಮೋಡ್ ಮೇಲೆ ಕುಳಿತಾಗ ಮಾತ್ರ ಇಳಿಯುತ್ತದೆ ಎಂಬುದು ಕೇಳಲು ವಿಚಿತ್ರವಾದರೂ ಅರ್ಥವಿಲ್ಲದ ಮಾತಲ್ಲ. ಕಮೋಡಿನ ನಡುವೆ ತೆರಪಿರುವುದರಿಂದ ಭಾರವೆಲ್ಲ ಅಂಚಿಗೆ ಹೋಗಿ ನರದ ಮೇಲಿನ ಒತ್ತಡ ತಪ್ಪುತ್ತದೆ.

ನಮ್ಮ ಕಡೆ ಈ ರೋಗಿಗಳು ಸರಿಯಾದ ಜಾಗಕ್ಕೆ ಬರುವ ಮೊದಲು ಹಾಯ್ದು ಬರುವ ದಾರಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೊದಲು ಮನೆಯಲ್ಲಿ ಉಷ್ಣ ಆಗಿದೆ ಎಂದು ಎಳನೀರು, ಸಬ್ಬಕ್ಕಿ ಗಂಜಿ. ಬಳಿಕ ಮೂಲವ್ಯಾಧಿ ಎಂದು ಊರಿನ ಔಷಧಿ, ಕೆಲವೊಮ್ಮೆ ಬೇಡವಾಗಿದ್ದ ಶಸ್ತ್ರಚಿಕಿತ್ಸೆ. ಗಂಡಸರಿಗೆ ಪ್ರಾಸ್ಟೇಟ್ ಸೋಂಕು ಎಂದು, ಹೆಂಗಸರಿಗೆ ಉರಿಮೂತ್ರ ಅಥವಾ ಬಿಳಿ ಸೆರಗು ಎಂದು ಆಂಟಿಬಯೋಟಿಕ್ ಮಾತ್ರೆಗಳು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದರೂ ಅದೇ ಮಾತ್ರೆಗಳನ್ನು ಹೆಸರು ಬದಲಿಸಿ ಮತ್ತೆ ಮತ್ತೆ ಬರೆದುಕೊಡುವುದನ್ನು ನಾನು ಬಹಳ ಕಂಡಿದ್ದೇನೆ. ಸೋಂಕಿನ ಪುರಾವೆಯಿಲ್ಲದೆ ಎರಡನೆಯ, ಮೂರನೆಯ ಸಲ ಆಂಟಿಬಯೋಟಿಕ್ ಬಂದಾಗ "ಪರೀಕ್ಷೆಯಲ್ಲಿ ಏನು ಬಂದಿದೆ ರೀ ಡಾಕ್ಟರ್?" ಎಂದು ಕೇಳುವುದು ಅಗೌರವವೇನೂ ಅಲ್ಲ.

ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಫ್ರಾನ್ಸಿನ ನಾಂತ್ ನಗರದ ತಜ್ಞರು ರೂಪಿಸಿ 2008ರಲ್ಲಿ ಪ್ರಕಟಿಸಿದ ಮಾನದಂಡಗಳನ್ನೇ ಈಗ ಬಹುತೇಕ ಕಡೆ ಬಳಸುತ್ತಾರೆ. ನೋವು ಪುಡೆಂಡಲ್ ನರ ಹರಡಿರುವ ಜಾಗದಲ್ಲಿಯೇ ಇರಬೇಕು, ಕುಳಿತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿರಬಾರದು, ವೈದ್ಯರು ಮುಟ್ಟಿ ನೋಡಿದಾಗ ಆ ಜಾಗದ ಸ್ಪರ್ಶಜ್ಞಾನ ಹೋಗಿರಬಾರದು, ಕೊನೆಯದಾಗಿ, ನರದ ಹತ್ತಿರ ಮರಗಟ್ಟಿಸುವ ಔಷಧಿ ಚುಚ್ಚಿದಾಗ ನೋವು ಇಳಿಯಬೇಕು. ಐದರಲ್ಲಿ ಮೊದಲಿನ ಮೂರಕ್ಕೆ ಉತ್ತರ ರೋಗಿಯ ಬಾಯಿಂದಲೇ ಬರಬೇಕು ಎಂಬುದನ್ನು ತಾವು ಗಮನಿಸಬೇಕು. ಬರೀ ತುರಿಕೆಯಿದ್ದರೆ, ನೋವು ಬಾಲದ ಎಲುಬಿನಲ್ಲಿಯೋ ಕಿಬ್ಬೊಟ್ಟೆಯಲ್ಲಿಯೋ ಮಾತ್ರ ಇದ್ದರೆ ಬೇರೆ ಕಾರಣವನ್ನು ಹುಡುಕಬೇಕೆಂದೂ ಅದೇ ಮಾನದಂಡಗಳು ಹೇಳುತ್ತವೆ. ಎಂಆರ್‌ಐ ಮಾಡಿಸುವುದು ಗಡ್ಡೆಯಂತಹ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಅದು ನಾರ್ಮಲ್ ಬಂತೆಂದರೆ ನೋವು ಸುಳ್ಳೆಂದಲ್ಲ, ಈ ಮಾತನ್ನು ರೋಗಿಗಿಂತ ಹೆಚ್ಚಾಗಿ ರೋಗಿಯ ಜೊತೆಗೆ ಬಂದವರಿಗೆ ಹೇಳಬೇಕಾಗುತ್ತದೆ.

ಆದ್ದರಿಂದ ವೈದ್ಯರ ಬಳಿ ಹೋಗುವ ಮೊದಲು ಅರ್ಧ ಹಾಳೆಯಷ್ಟು ಬರೆದುಕೊಂಡು ಹೋಗಿ. ನೋವು ಎಲ್ಲಿದೆ ಎಂಬುದನ್ನು "ಕೆಳಗ" ಎಂಬ ಒಂದೇ ಮಾತಿನಲ್ಲಿ ಮುಗಿಸದೆ, ಗುದದ್ವಾರದ ಸುತ್ತಲೋ, ವೃಷಣದ ಹಿಂದೆಯೋ, ಯೋನಿಯ ಬಾಯಿಯಲ್ಲಿಯೋ, ಎಡಕ್ಕೋ ಬಲಕ್ಕೋ ಎಂದು ಬಿಡಿಸಿ ಬರೆಯಿರಿ. ಹೇಳಲು ಬಾಯಿ ಬಾರದಿದ್ದರೆ ಒಂದು ಚಿತ್ರ ಬರೆದು ಗುರುತು ಹಾಕಿ ಕೊಡಿ, ಅದೂ ನಡೆಯುತ್ತದೆ. ಎಷ್ಟು ಹೊತ್ತು ಕುಳಿತರೆ ಶುರುವಾಗುತ್ತದೆ, ನಿಂತರೆ ಮತ್ತು ಮಲಗಿದರೆ ಎಷ್ಟು ಹೊತ್ತಿಗೆ ಇಳಿಯುತ್ತದೆ, ಕಮೋಡಿನ ಮೇಲೆ ಹೇಗಿರುತ್ತದೆ, ಮಲವಿಸರ್ಜನೆ ಮತ್ತು ಸಂಭೋಗದ ನಂತರ ಏನಾಗುತ್ತದೆ, ನೋವು ಶುರುವಾಗುವ ಮುಂಚೆ ಹೆರಿಗೆ, ಪೆಟ್ಟು ಅಥವಾ ಆಪರೇಷನ್ ಆಗಿತ್ತೆ, ಈವರೆಗೆ ತೆಗೆದುಕೊಂಡ ಮಾತ್ರೆಗಳು ಯಾವುವು, ಇಷ್ಟಿದ್ದರೆ ಸಾಕು. ನಮ್ಮ ಮನೆಗಳಲ್ಲಿ ಸೊಸೆಯ ತೊಂದರೆಯನ್ನು ಅತ್ತೆ ಹೇಳುವುದು, ಹೆಂಡತಿಯದನ್ನು ಗಂಡ ಹೇಳುವುದು ರೂಢಿ. ಅವರು ಎಷ್ಟೇ ಪ್ರೀತಿಯಿಂದ ಬಂದಿದ್ದರೂ ಎರಡು ನಿಮಿಷ ಹೊರಗೆ ಕೂಡ್ರಲು ಹೇಳುವುದು ವೈದ್ಯರ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಒಳಪರೀಕ್ಷೆ ಬೇಕಾದರೆ ಅದನ್ನು ಏಕೆ ಮಾಡುತ್ತಾರೆಂದು ಮೊದಲೇ ಕೇಳಬಹುದು, ಜೊತೆಗೆ ಒಬ್ಬ ಹೆಂಗಸು ಇರಲಿ ಎನ್ನಬಹುದು, ಇವತ್ತು ಬೇಡ ಎಂದೂ ಹೇಳಬಹುದು. ಮದುವೆಯಾಗದ ಹೆಣ್ಣುಮಕ್ಕಳು ಒಳಪರೀಕ್ಷೆಗೆ ಅಂಜಿ ವೈದ್ಯರ ಬಳಿ ಹೋಗುವುದನ್ನೇ ತಪ್ಪಿಸುತ್ತಾರೆ. ಕೇಳಿ ತಿಳಿಯಬೇಕಾದ ಈ ರೋಗದಲ್ಲಿ ಮೊದಲ ಭೇಟಿಯಲ್ಲಿಯೇ ಅದು ಆಗಬೇಕೆಂಬ ನಿಯಮವೇನೂ ಇಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕೂಡ್ರುವ ಜಾಗವೆಲ್ಲ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಮಲಮೂತ್ರ ತಾನಾಗಿ ಹೋಗತೊಡಗಿದರೆ ಅಥವಾ ಕಾಲಿನಲ್ಲಿ ಶಕ್ತಿ ಕುಂದಿದರೆ ಅದು ಪುಡೆಂಡಲ್ ನರದ ಮಾತಲ್ಲ. ಬೆನ್ನೆಲುಬಿನೊಳಗಿನ ನರಗಳ ಕಟ್ಟೇ ಒತ್ತಿಕೊಂಡಿರಬಹುದು. ಅಂದೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರ, ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು, ಇವುಗಳನ್ನೂ ತಡಮಾಡದೆ ತೋರಿಸಬೇಕು.

ಯಾರಲ್ಲಿಗೆ ಹೋಗಬೇಕು ಎಂಬುದು ಎಲ್ಲರ ಪ್ರಶ್ನೆ. ಮೂತ್ರರೋಗ, ಸ್ತ್ರೀರೋಗ, ನರರೋಗ ಮತ್ತು ಸಾಮಾನ್ಯ ಶಸ್ತ್ರಚಿಕಿತ್ಸೆ, ಈ ನಾಲ್ಕೂ ವಿಭಾಗಗಳ ಗಡಿಯಲ್ಲಿರುವ ಕಾಯಿಲೆ ಇದಾದ್ದರಿಂದ ಎಲ್ಲರೂ ತಮ್ಮದಲ್ಲವೆಂದು ಪಕ್ಕಕ್ಕೆ ಕಳಿಸುವ ಸಂಭವ ಹೆಚ್ಚು. ಮೊದಲು ಒಬ್ಬ ವೈದ್ಯರಿಂದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡು, ಬಳಿಕ ನೋವಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ವೈದ್ಯರನ್ನು ಕಾಣುವುದು ಉತ್ತಮ. ಇವರು ಸಾಮಾನ್ಯವಾಗಿ ಅರಿವಳಿಕೆ ವಿಭಾಗದವರಾಗಿರುತ್ತಾರೆ. ಗದಗ, ಹಾವೇರಿಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆಯಿದೆ. ಎಲ್ಲಿಗೆ ಹೋದರೂ ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ತೆಗೆದುಕೊಂಡು ಹೋಗಿ.

ಔಷಧಿಯ ವಿಷಯಕ್ಕೆ ಬರೋಣ. ನೋವು ಎದ್ದಾಗೊಮ್ಮೆ ಸೂಜಿ ಮಾಡಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಡೈಕ್ಲೋಫಿನಾಕ್‌ನಂತಹ ನೋವುನಿವಾರಕಗಳು ನರನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ. ನರನೋವಿಗೆ ಕೊಡುವುದು ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮುಂತಾದವು. ಇವುಗಳಲ್ಲಿ ಕೆಲವು ಖಿನ್ನತೆಗೆ, ಕೆಲವು ಮೂರ್ಛೆರೋಗಕ್ಕೆ ಬಂದ ಔಷಧಿಗಳು. ಮೊಬೈಲಿನಲ್ಲಿ ಹೆಸರು ಹುಡುಕಿ ನೋಡಿ "ನನಗ ಹುಚ್ಚಿನ ಗುಳಿಗಿ ಕೊಟ್ಟಾರ" ಎಂದು ಎಸೆದುಬಿಟ್ಟವರಿದ್ದಾರೆ. ಅವು ಕಡಿಮೆ ಪ್ರಮಾಣದಲ್ಲಿ ನರದ ಸಂಕೇತಗಳನ್ನು ಶಾಂತಗೊಳಿಸುತ್ತವೆ; ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸುವುದು ವಾಡಿಕೆ. ಪರಿಣಾಮ ತಿಳಿಯಲು ಕೆಲವು ವಾರಗಳೇ ಬೇಕು, ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಟ್ಟರೆ ಔಷಧಿಗೆ ಅವಕಾಶವನ್ನೇ ಕೊಟ್ಟಂತಾಗುವುದಿಲ್ಲ. ಬಾಯಿ ಒಣಗುವುದು, ಮಂಪರು, ತಲೆಸುತ್ತು, ಕಾಲು ಬಾವು, ತೂಕ ಏರುವುದು ಇವೆಲ್ಲ ಆಗಬಹುದಾದ್ದರಿಂದ ಮೊದಮೊದಲು ಬೈಕ್ ಓಡಿಸುವುದನ್ನು ನಿಲ್ಲಿಸಬೇಕು. ಅಮಿಟ್ರಿಪ್ಟಿಲಿನ್ ಮಲಬದ್ಧತೆಯನ್ನೂ ಹೆಚ್ಚಿಸುತ್ತದೆ, ಈ ರೋಗಿಗಳಿಗೆ ಅದೊಂದು ತೊಡಕೇ ಸರಿ. ಹೃದ್ರೋಗ, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ, ಮೂತ್ರಪಿಂಡದ ತೊಂದರೆ, ಬಸುರು, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು. ನಿಲ್ಲಿಸುವಾಗ ಒಮ್ಮೆಲೆ ನಿಲ್ಲಿಸದೆ ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು.

ಇನ್ನು ನನ್ನ ಕೆಲಸಕ್ಕೆ ಸೇರಿದ ಭಾಗ. ಸೊಂಟದ ಗೂಡಿನ ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಹಾಸಿರುವ ಸ್ನಾಯುಗಳಿವೆ. ನೋವು ತಿಂಗಳುಗಟ್ಟಲೆ ಇದ್ದಾಗ ಈ ಸ್ನಾಯುಗಳು ಆ ಜಾಗವನ್ನು ಕಾಪಾಡಿಕೊಳ್ಳಲೆಂಬಂತೆ ಬಿಗಿದುಕೊಳ್ಳುತ್ತವೆ, ಆ ಬಿಗಿತವೇ ನರವನ್ನು ಮತ್ತಷ್ಟು ಒತ್ತುತ್ತದೆ. ರೋಗಿಗೆ ತಾನು ಬಿಗಿಹಿಡಿದಿದ್ದೇನೆ ಎಂಬ ಅರಿವೇ ಇರುವುದಿಲ್ಲ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಚಾರಕ್ಕೆ ತಂದ, ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೆರಿಗೆಯ ನಂತರ ಸಡಿಲಾದ ಸ್ನಾಯುಗಳಿಗೆ, ಕೆಮ್ಮಿದಾಗ ಮೂತ್ರ ಸೋರುವವರಿಗೆ ಬಹಳ ಉಪಯುಕ್ತ. ಆದರೆ ಕೆಳಭಾಗದ ಯಾವ ತೊಂದರೆಗೂ ಅದೇ ಮದ್ದೆಂದು ವಿಡಿಯೋ ನೋಡಿ ದಿನಕ್ಕೆ ನೂರು ಸಲ ಮಾಡಿ ನೋವು ಏರಿಸಿಕೊಂಡು ಬರುವವರನ್ನು ಕಂಡು ನನಗೆ ಬೇಸರವಾಗುತ್ತದೆ. ಈ ನೋವಿನಲ್ಲಿ ಕಲಿಯಬೇಕಾದದ್ದು ಸಡಿಲ ಬಿಡುವುದನ್ನು. ಮೊಣಕಾಲು ಮಡಚಿ, ಕಾಲ ಕೆಳಗೆ ದಿಂಬಿಟ್ಟು ಅಂಗಾತ ಮಲಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರು ಎಳೆದುಕೊಳ್ಳಬೇಕು. ಉಸಿರು ಒಳಬರುವಾಗ ತಳದ ಸ್ನಾಯುಗಳು ತಾವಾಗಿ ಕೆಳಗೆ ಇಳಿಯುತ್ತವೆ, ಹೊರಹೋಗುವಾಗ ಮೇಲೇಳುತ್ತವೆ. ಆ ಇಳಿತವನ್ನು ಗಮನಿಸುವುದಷ್ಟೇ ಮೊದಲ ವಾರಗಳ ಪಾಠ. ಕೇಳಲು ಏನೂ ಅಲ್ಲವೆನಿಸುವ ಇದನ್ನು ಕಲಿಯಲು ಬಹಳ ತಾಳ್ಮೆ ಬೇಕು. ಬಳಿಕ ತೊಡೆ, ಕುಂಡೆಯ ಸ್ನಾಯುಗಳನ್ನು ಹಗುರವಾಗಿ ಹಿಗ್ಗಿಸುವುದು, ಅಗತ್ಯವಿದ್ದರೆ ಮತ್ತು ರೋಗಿ ಒಪ್ಪಿದರೆ ಕೈಗವಸು ಹಾಕಿ ಒಳಗಿನ ಬಿಗಿದ ಗಂಟುಗಳನ್ನು ಸಡಿಲಿಸುವುದು. ಈ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ನಮ್ಮ ಭಾಗದಲ್ಲಿ ಕಡಿಮೆ. ಹೋಗುವ ಮೊದಲು ಇದನ್ನು ಕಲಿತಿದ್ದೀರಾ ಎಂದು ಕೇಳಿಯೇ ಹೋಗಬೇಕು.

ಕೂಡ್ರುವುದರ ಬಗ್ಗೆ ಹೇಳದೆ ಈ ಮಾತು ಮುಗಿಯುವುದಿಲ್ಲ. ನಮ್ಮ ಜೀವನವೆಲ್ಲ ಕುಳಿತು ಮಾಡುವ ಕೆಲಸದ ಮೇಲೆ ನಿಂತಿದೆ. ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು, ಒಲೆಯ ಮುಂದೆ ಮಣೆ ಹಾಕಿಕೊಂಡು ರೊಟ್ಟಿ ಬಡಿಯುವವರು, ಹೊಲಿಗೆ ಯಂತ್ರದವರು, ಬಸ್ ಚಾಲಕರು, ದಿನವೂ ಹಾಳಾದ ರಸ್ತೆಯಲ್ಲಿ ಬೈಕ್ ಮೇಲೆ ಹೋಗಿಬರುವವರು, ಇವರಿಗೆಲ್ಲ "ಕೂಡ್ರಬೇಡಿ" ಎಂದು ಚೀಟಿಯಲ್ಲಿ ಬರೆದುಕೊಡುವುದು ಸುಲಭ. ಹುಬ್ಬಳ್ಳಿ ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಸೀಟಿಗಾಗಿ ನೂಕಾಟ ನಡೆಯುವಾಗ ಖಾಲಿ ಸೀಟಿನ ಪಕ್ಕದಲ್ಲಿ ಕಂಬ ಹಿಡಿದು ನಿಂತವರನ್ನು ಕಂಡರೆ ಅವರು ನನ್ನ ರೋಗಿಗಳಿರಬಹುದೆಂದು ನನಗೆ ಅನ್ನಿಸುತ್ತದೆ. ಕೂಡ್ರಲೇಬೇಕಾದಾಗ ಭಾರ ಎರಡು ಬದಿಯ ಕೂಡ್ರುವ ಎಲುಬುಗಳ ಮೇಲೆ ಬಿದ್ದು ನಡುವೆ ತೆರಪಿರಬೇಕು. ಮಾರುಕಟ್ಟೆಯಲ್ಲಿ ಸಿಗುವ ದುಂಡು ಉಂಗುರದ ದಿಂಬಿಗಿಂತ ಯು ಆಕಾರದಲ್ಲಿ ಕತ್ತರಿಸಿದ ಸ್ಪಂಜಿನ ದಿಂಬು ಮೇಲು. ಅದೂ ಇಲ್ಲವಾದರೆ ಹಳೆಯ ಕೌದಿಯನ್ನು ಎರಡು ಗಟ್ಟಿ ಮಡಿಕೆ ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡರೂ ಕೆಲಸ ನಡೆಯುತ್ತದೆ. ನೋವು ಎಷ್ಟು ಹೊತ್ತಿಗೆ ಶುರುವಾಗುತ್ತದೋ ಅದಕ್ಕಿಂತ ಮೊದಲೇ ಎದ್ದು ನಿಲ್ಲಬೇಕು. ಶುರುವಾದ ಮೇಲೆ ಏಳುವುದು ತಡವಾದಂತೆ. ನಡಿಗೆ ಬಹುತೇಕರಿಗೆ ಒಗ್ಗುತ್ತದೆ, ಅದನ್ನು ಬಿಡಬಾರದು. ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂಡ್ರುವುದು ಕೆಲವರಿಗೆ ಹಿತ, ಇನ್ನು ಕೆಲವರಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹಿತ. ಜೋಳದ ರೊಟ್ಟಿ, ಸೊಪ್ಪಿನ ಪಲ್ಲೆ, ಸಾಕಷ್ಟು ನೀರು ಇವುಗಳಿಂದ ಮಲ ಮೆತ್ತಗಿರುವಂತೆ ನೋಡಿಕೊಳ್ಳಬೇಕು, ಎಂದಿಗೂ ತಿಣುಕಬಾರದು.

ಇಷ್ಟಕ್ಕೂ ಬಗ್ಗದ ನೋವಿಗೆ ನರದ ಬಳಿ ಚುಚ್ಚುಮದ್ದು ಕೊಡುತ್ತಾರೆ. ಅಲ್ಟ್ರಾಸೌಂಡ್ ಅಥವಾ ಸಿಟಿ ಯಂತ್ರದ ನೆರವಿನಿಂದ ಜಾಗ ನೋಡಿಕೊಂಡು ಕೊಡುವ ಈ ಬ್ಲಾಕ್ ರೋಗವನ್ನು ಖಚಿತಪಡಿಸುವ ಪರೀಕ್ಷೆಯೂ ಹೌದು, ಕೆಲವರಿಗೆ ಸ್ವಲ್ಪ ಕಾಲದ ಉಪಶಮನವೂ ಹೌದು. ಅದರಲ್ಲಿ ಸ್ಟಿರಾಯ್ಡ್ ಬೆರೆಸುವುದು ರೂಢಿಯಲ್ಲಿದ್ದರೂ, 2017ರಲ್ಲಿ ಪ್ರಕಟವಾದ, 201 ರೋಗಿಗಳನ್ನೊಳಗೊಂಡ ಫ್ರಾನ್ಸಿನ ಅಧ್ಯಯನದಲ್ಲಿ ಸ್ಟಿರಾಯ್ಡಿನಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ನರಕ್ಕೆ ರೇಡಿಯೋ ತರಂಗ ಕೊಡುವ ಚಿಕಿತ್ಸೆಯೂ ಇದೆ. ಕೊನೆಯ ಮೆಟ್ಟಿಲು, ನರವನ್ನು ಇಕ್ಕಟ್ಟಿನಿಂದ ಬಿಡಿಸುವ ಶಸ್ತ್ರಚಿಕಿತ್ಸೆ. ನಾಂತ್‌ನ ತಂಡ 2005ರಲ್ಲಿ ಪ್ರಕಟಿಸಿದ ಹೋಲಿಕೆಯ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದವರಿಗೆ ಆಗದವರಿಗಿಂತ ಸ್ಪಷ್ಟವಾಗಿ ಹೆಚ್ಚು ಗುಣ ಕಂಡಿತ್ತು, ಆದರೆ ಅದರಲ್ಲಿದ್ದವರು ಒಟ್ಟು 32 ಜನ ಮಾತ್ರ. ಇದನ್ನು ಮಾಡುವ ಶಸ್ತ್ರಚಿಕಿತ್ಸಕರು ವಿರಳ, ಎಲ್ಲರಿಗೂ ಗುಣವಾಗುವುದಿಲ್ಲ, ಗುಣವಾಗುವವರಿಗೂ ನರ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಯಾರಾದರೂ ಮೊದಲ ಭೇಟಿಯಲ್ಲಿಯೇ ಆಪರೇಷನ್ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ವಿವೇಕ.

ಖರ್ಚಿನ ಮಾತು ಚಿಕ್ಕದಾಗಿ. ಪ್ರಿಗ್ಯಾಬಲಿನ್‌ನಂತಹ ದಿನನಿತ್ಯದ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ಆದ್ದರಿಂದ ಬ್ಲಾಕ್ ಅಥವಾ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ.

ಮನಸ್ಸಿನ ವಿಷಯ ಹೇಳಬೇಕು, ಏಕೆಂದರೆ ಈ ನೋವು ಮನುಷ್ಯನನ್ನು ಒಂಟಿಯಾಗಿಸುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂಡ್ರಲಾಗದವರು ಮದುವೆಗೇ ಹೋಗುವುದಿಲ್ಲ. ಗಂಡಹೆಂಡಿರ ನಡುವೆ ದೂರ ಬೆಳೆಯುತ್ತದೆ. ಸಂಭೋಗಕ್ಕೆ ಹೆದರುವವರನ್ನು ಮನಸ್ಸಿಲ್ಲದವರೆಂದು ತಿಳಿಯುತ್ತಾರೆ. ಸಾಧ್ಯವಾದರೆ ಒಂದು ಭೇಟಿಗೆ ಸಂಗಾತಿಯನ್ನು ಕರೆತಂದು, ವೈದ್ಯರಿಂದಲೇ ಇದು ನರದ ನೋವೆಂದು ಹೇಳಿಸಿ. ದೀರ್ಘ ನೋವಿನ ಜೊತೆಗೆ ಖಿನ್ನತೆ ಬರುವುದು ಸಾಮಾನ್ಯ, ಅದಕ್ಕೆ ಚಿಕಿತ್ಸೆ ಪಡೆದರೆ ನೋವು ಸುಳ್ಳೆಂದು ಒಪ್ಪಿಕೊಂಡಂತೆ ಅಲ್ಲ. ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ಹತ್ತಿರದಲ್ಲಿದೆ. ಬದುಕು ಸಾಕೆನ್ನಿಸಿದ ರಾತ್ರಿಗಳಲ್ಲಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ, ಹಣ ಕೇಳದೆ, ಯಾವ ಹೊತ್ತಿನಲ್ಲಿಯೂ ಮಾತನಾಡುತ್ತಾರೆ.

ಮಾತು ಮುಗಿದ ಮೇಲೆ ಬೆಟಗೇರಿಯ ನೇಕಾರರೊಬ್ಬರು ಎದ್ದು ನಿಂತು, "ಅಕ್ಕಾರ, ಕುಣಿಮಗ್ಗ ಬಿಟ್ರ ನನಗ ಬ್ಯಾರೆ ಕೆಲಸ ಬರೂದಿಲ್ರಿ. ಮಗ್ಗಕ್ಕ ಕುಂಡ್ರಬೇಕೋ ಬ್ಯಾಡೋ?" ಎಂದು ಕೇಳಿದರು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಈ ಮಗ್ಗವನ್ನು ಬಿಡಬೇಕಾಗಿಲ್ಲ ಎಂದು ಉತ್ತರಿಸಿದೆ. ಕುಣಿಯ ಅಂಚಿನ ಹಲಗೆಯ ಮೇಲೆ ನಡುವೆ ತೆರಪು ಬಿಟ್ಟು ಎರಡು ಮಡಿಕೆ ಹಾಕಿಕೊಳ್ಳಬೇಕು, ಕಾಲಿನಿಂದ ಒತ್ತುವ ತುಳಿಗೆಗೆ ಕಾಲು ಚಾಚಿ ಎಟುಕಿಸುವಂತಾಗದ ಹಾಗೆ ಹಲಗೆಯ ಎತ್ತರ ಸರಿಪಡಿಸಿಕೊಳ್ಳಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಗಂಟೆ ಬಾರಿಸುವಂತೆ ಮಾಡಿ ಎದ್ದು ಹತ್ತು ಹೆಜ್ಜೆ ನಡೆದು ಬರಬೇಕು, ನೂಲಿನ ಲಡಿ ಸುತ್ತುವಂತಹ ಕೆಲಸವನ್ನು ನಿಂತು ಮಾಡುವಂತೆ ಹೊಂದಿಸಿಕೊಳ್ಳಬೇಕು. ಮೊದಲ ತಿಂಗಳು ಸೀರೆ ಇಳಿಯುವುದು ತಡವಾಗುತ್ತದೆ, ಅದನ್ನು ಮಾಲೀಕರಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು. ವೈದ್ಯರ ಚೀಟಿ ಬೇಕಾದರೆ ಬರೆಸಿ ಕೊಡುತ್ತೇವೆಂದೂ ಅವರಿಗೆ ತಿಳಿಸಿದೆ.